ಬಿಸಿಲ್ಗುದುರೆಯ ಇಂಗ್ಲಿಷ್ ಹೆಸರು

ಪ್ರಶ್ನೆ: ಬೇಸಿಗೆಯಲ್ಲಿ ಡಾಂಬರು ರಸ್ತೆ ಮೇಲೆ ನೀರು ನಿಂತ ಹಾಗೆ ಕಾಣುವುದಕ್ಕೆ ಇಂಗ್ಲಿಷ್‌ನಲ್ಲಿ ‘ಮಿರಾಜ್’ ಅನ್ನುತ್ತಾರೆ. ಈ ಪದಕ್ಕೂ ‘ಮಿರರ್’ಗೂ ನಂಟಿದೆಯಾ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಇದೆ, ಹತ್ತಿರದ ನಂಟೇ. ಮಿರಾಜ್ ಫ್ರೆಂಚ್‌ನಿಂದ ಬಂದ ಪದ. ಅಲ್ಲಿ ‘ಸ ಮಿರೇ’ ಅಂದರೆ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುವುದು. ಇನ್ನೂ ಹಿಂದೆ ಹೋದರೆ ಲ್ಯಾಟಿನ್‌ನ ‘ಮಿರಾರಿ’ ಸಿಗುತ್ತದೆ, ಬೆರಗಾಗು ಅಂತ ಅರ್ಥ. ಮಿರರ್, ಮಿರಾಕಲ್, ಅಡ್ಮೈರ್ ಎಲ್ಲವೂ ಅದೇ ಬೇರಿನ ಕುಡಿಗಳು. ಕನ್ನಡಿಯೂ ಬೆರಗೂ ಒಂದೇ ಮನೆಯವು ಅಂತ ತಿಳಿದಾಗ ನನಗೆ ತುಂಬಾ ಖುಷಿಯಾಗಿತ್ತು.

1798ರಲ್ಲಿ ನೆಪೋಲಿಯನ್ ಸೈನ್ಯದ ಜೊತೆ ಈಜಿಪ್ಟಿಗೆ ಹೋದ ಗಣಿತಜ್ಞ ಗಾಸ್ಪಾರ್ ಮೋಂಜ್ ಮರಳುಗಾಡಿನಲ್ಲಿ ಕಂಡ ಈ ನೋಟಕ್ಕೆ ಕಾರಣ ವಿವರಿಸಿದ. ಕಾದ ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ಜಾಸ್ತಿ ಬಿಸಿ. ಆಕಾಶದಿಂದ ಇಳಿದ ಬೆಳಕು ಅಲ್ಲಿ ಬಾಗಿ ಮತ್ತೆ ಮೇಲೆದ್ದು ನಮ್ಮ ಕಣ್ಣಿಗೆ ಬರುತ್ತದೆ. ನೀರು ಅಂದುಕೊಂಡಿದ್ದು ಆಕಾಶವೇ!

ಕಳೆದ ಏಪ್ರಿಲ್‌ನಲ್ಲಿ ಚಿತ್ರದುರ್ಗದಿಂದ ಹಿರಿಯೂರಿಗೆ ಬೈಕಲ್ಲಿ ಹೊರಟಿದ್ದೆ. ಮಧ್ಯಾಹ್ನದ ಹೊತ್ತು. ದೂರದಲ್ಲಿ ಎದುರಿಗೆ ಬರುತ್ತಿದ್ದ ಲಾರಿಯ ಕೆಳಗೆ ಅದೇ ಲಾರಿ ತಲೆಕೆಳಗಾಗಿ ಕಂಡಿತು, ಟೈರಿಗೆ ಟೈರು ಅಂಟಿಕೊಂಡ ಹಾಗೆ. ಹತ್ತಿರ ಬಂದಂತೆ ಕೆಳಗಿನದು ಕರಗಿತು. ಕನ್ನಡಿ ಅನ್ನುವ ಹೆಸರು ಎಷ್ಟು ಸರಿ ಅಲ್ವಾ?

ಸಂಸ್ಕೃತದವರು ಇದನ್ನು ಮೃಗತೃಷ್ಣೆ, ಅಂದರೆ ಜಿಂಕೆಯ ಬಾಯಾರಿಕೆ ಅಂದರು. ಆದರೂ ನನ್ನ ಮನಸ್ಸು ನಮ್ಮ ಬಿಸಿಲ್ಗುದುರೆಯ ಕಡೆಗೇ. ರಸ್ತೆ ಮೇಲೆ ಆ ಬಿಸಿಗಾಳಿ ಕುಣಿಯುವುದನ್ನು ಸುಮ್ನೆ ಎರಡು ನಿಮಿಷ ನಿಂತು ನೋಡಿ. ಕುದುರೆಯ ಬೆನ್ನು ಕಾಣುತ್ತದೆ.