ಕಾಟಾದಲ್ಲಿ 25,340, ಪರದೆಯಲ್ಲಿ 64,610

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ತೂಕವನ್ನು ಎರಡು ಬೈಟ್‌ಗಳಲ್ಲಿ, ಅಂದರೆ 0ರಿಂದ 255ರೊಳಗಿನ ಎರಡು ಸಂಖ್ಯೆಗಳಾಗಿ, ಕಳಿಸುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೋರಿಸಲು ಜಾವಾಸ್ಕ್ರಿಪ್ಟ್ ಬರೆದಿದ್ದೇನೆ. ಎರಡೆರಡು ಬೈಟ್ ಸೇರಿಸಿ ಒಂದು ಸಂಖ್ಯೆ ಮಾಡುವ ‘ಯುಇಂಟ್16ಅರೇ’ಯಲ್ಲಿ ಓದಿದರೆ 25,340 ಕೆ.ಜಿ.ಯ ಭತ್ತದ ಲಾರಿ 64,610 ಎಂದು ಬಂತು. ಬೈಟ್‌ಗಳನ್ನು ಬೇಕಾದ ಕ್ರಮದಲ್ಲಿ ಓದಲು ಬಿಡುವ ‘ಡೇಟಾವ್ಯೂ’ ಹಾಕಿ ‘ಗೆಟ್‌ಇಂಟ್16’ ಬಳಸಿದೆ, ಅದು ಸರಿಹೋಯಿತು. ಈಗ 40,000 ಕೆ.ಜಿ.ಗೆ ಮೈನಸ್ 25,536 ಬರುತ್ತಿದೆ. ಮೈನಸ್ ಬಂದಾಗಲೆಲ್ಲ 65,536 ಕೂಡಿಸಿದರೆ ಸಾಕೇ?
– ಓದುಗರು, ಸಿಂಧನೂರು

ಉತ್ತರ: ಕೂಡಿಸಿದರೆ ಅಂಕಿಯೇನೋ ಸರಿ ಬರುತ್ತದೆ. ಆದರೆ ರೈತರ ದುಡ್ಡು ನಿಂತಿರುವುದೇ ಈ ಅಂಕಿಯ ಮೇಲೆ. ತೇಪೆ ಹಚ್ಚಬೇಡಿ, ಓದುವ ಜಾಗದಲ್ಲೇ ತಿದ್ದಿ.

ನಿಮಗೆ ಬಂದ ಬೈಟ್‌ಗಳು 98 ಮತ್ತು 252. ಮೊದಲನೆಯದು ದೊಡ್ಡ ಸ್ಥಾನದ್ದು: 98 × 256 + 252 = 25,340. ‘ಯುಇಂಟ್16ಅರೇ’ ಯಂತ್ರದ ಕ್ರಮದಲ್ಲಿ ಓದುತ್ತದೆ. ಇಂದಿನ ಪಿಸಿ, ಮೊಬೈಲ್‌ಗಳಲ್ಲಿ ಅದು ಸಾಮಾನ್ಯವಾಗಿ ಲಿಟಲ್ ಎಂಡಿಯನ್, ಅಂದರೆ ಚಿಕ್ಕ ಸ್ಥಾನ ಮೊದಲು. ಹಾಗಾಗಿ 252 × 256 + 98 ಆಗಿ 64,610 ಬಂತು. ‘ಡೇಟಾವ್ಯೂ’ ನೀವು ಬೇರೆ ಹೇಳದಿದ್ದರೆ ದೊಡ್ಡ ಸ್ಥಾನವನ್ನೇ ಮೊದಲು ಓದುತ್ತದೆ. ಕೊನೆಯಲ್ಲಿ ‘ಟ್ರೂ’ ಕೊಟ್ಟರೆ ಮಾತ್ರ ತಿರುವುಮುರುವು.

ಮೈನಸ್ಸಿನ ಕಾರಣ ಬೇರೆ. ‘ಗೆಟ್‌ಇಂಟ್16’ ಮೊದಲ ಬಿಟ್ ಅನ್ನು (ಬೈಟ್‌ನೊಳಗಿನ 0 ಅಥವಾ 1) ಪ್ಲಸ್-ಮೈನಸ್ ಚಿಹ್ನೆ ಎಂದು ತಿಳಿಯುತ್ತದೆ, 32,767 ದಾಟಿದ್ದೆಲ್ಲ ಅದಕ್ಕೆ ಮೈನಸ್. ನಿಮ್ಮ ಕಾಟಾ 40,000 ಕಳಿಸಿದೆ ಎಂದರೆ ಅದು ಚಿಹ್ನೆಯಿಲ್ಲದ ಸಂಖ್ಯೆಯನ್ನೇ ಕಳಿಸುತ್ತಿದೆ. ‘ಗೆಟ್‌ಯುಇಂಟ್16(0)’ ಎಂದು ಬರೆಯಿರಿ, ಮುಗಿಯಿತು.

ತೂಕವನ್ನು ಮತ್ತೆ ಬೈಟ್ ಮಾಡಿ ಉಳಿಸುವಾಗ ಎಚ್ಚರ ಬೇಕು. ‘ಸೆಟ್‌ಯುಇಂಟ್16’ಗೆ 70,000 ಕೊಟ್ಟರೆ ಯಾವ ದೋಷವನ್ನೂ ತೋರಿಸದೆ 4,464 ಎಂದು ಬರೆದುಬಿಡುತ್ತದೆ. ನಾಲ್ಕು ಬೈಟ್‌ನ ಬಫರ್ (ಬೈಟ್‌ಗಳನ್ನು ಇಡುವ ಜಾಗ) ತೆಗೆದುಕೊಂಡು ‘ಸೆಟ್‌ಯುಇಂಟ್32’ ಬಳಸಿ. 25,340 ಕೊಟ್ಟರೆ 0, 0, 98, 252 ಬರಬೇಕು. ಟನ್‌ಗೆ ತಿರುಗಿಸಿ ‘ಫ್ಲೋಟ್32’ರಲ್ಲಿ (ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ರೂಪ) ಇಡಲೇಬೇಡಿ: 25.3 ಇಟ್ಟರೆ 25.299999237060547 ವಾಪಸ್ ಬರುತ್ತದೆ. ಕೆ.ಜಿ.ಯ ಪೂರ್ಣಾಂಕವೇ ಇರಲಿ.

25,340ನ್ನು 0, 1ಗಳಲ್ಲಿ ನೋಡಲು ‘ಟುಸ್ಟ್ರಿಂಗ್(2)’ ಬಳಸಿದರೆ ಅದು ಕೊಡುವ 110001011111100 ಎಂಬುದು ಹದಿನೈದು ಅಕ್ಷರಗಳ ಪಠ್ಯ, ಎರಡು ಬೈಟ್ ಅಲ್ಲ. ಅದು ಕಣ್ಣಿಗೆ ನೋಡಲಷ್ಟೇ. ‘ಪಾರ್ಸ್‌ಇಂಟ್’ಗೆ ಆ ಪಠ್ಯದ ಜೊತೆ ಬುಡ (ಬೇಸ್) 2 ಕೊಟ್ಟರೆ ಮತ್ತೆ ಸಂಖ್ಯೆಯಾಗುತ್ತದೆ.

ಇನ್ನೊಂದು, ತುಂಬ ಜನ ಎಡವುವ ಜಾಗ: ದೊಡ್ಡ ಬಫರ್‌ನಿಂದ ‘ಸಬ್‌ಅರೇ’ಯಲ್ಲಿ ತುಂಡು ತೆಗೆದಿದ್ದರೆ ‘ಡೇಟಾವ್ಯೂ’ಗೆ ಬರೀ ಅದರ ‘ಬಫರ್’ ಕೊಡಬೇಡಿ. ಅದು ತುಂಡನ್ನು ಬಿಟ್ಟು ಮೂಲ ಬಫರ್‌ನ ಮೊದಲ ಬೈಟ್‌ನಿಂದಲೇ ಓದುತ್ತದೆ, ಹಿಂದಿನ ಲಾರಿಯ ತೂಕವೇ ಮತ್ತೆ ಕಾಣಬಹುದು. ಜೊತೆಗೆ ತುಂಡಿನ ‘ಬೈಟ್‌ಆಫ್‌ಸೆಟ್’ (ಎಲ್ಲಿಂದ ಶುರು), ‘ಬೈಟ್‌ಲೆಂಗ್ತ್’ (ಎಷ್ಟು ಬೈಟ್) ಎರಡನ್ನೂ ಕೊಡಿ.