ಚಾಳೀಸು ಕಳಚಿತೆಂದು ಹಿಗ್ಗುವ ಮುನ್ನ

ಓದುಗರೊಬ್ಬರ ಪತ್ರ: “ನನಗೀಗ 63. ಹದಿನೇಳು ವರ್ಷ ಮೂಗಿನ ಮೇಲಿದ್ದ ಚಾಳೀಸು ಪೆಟ್ಟಿಗೆ ಸೇರಿದೆ. ಬರಿಗಣ್ಣಿನಲ್ಲೇ ನಿಮ್ಮ ಪತ್ರಿಕೆ ಓದುತ್ತೇನೆ. ಎಲ್ಲ ಕಣ್ಣಿನ ವ್ಯಾಯಾಮದ ಫಲ. ದೂರದ ಫಲಕಗಳು ತುಸು ಮಬ್ಬು, ಅದೂ ಸರಿಹೋದೀತು. ಈ ವ್ಯಾಯಾಮಗಳ ಬಗ್ಗೆ ಲೇಖನಮಾಲೆ ಯಾಕೆ ಹಾಕಬಾರದು?”

ಸಂಪಾದಕರ ಉತ್ತರ: ಬರಿಗಣ್ಣಿನಲ್ಲಿ ಓದುವವರು ಸಿಕ್ಕರೆ ಯಾವ ಸಂಪಾದಕನಿಗೆ ಖುಷಿಯಾಗದು? ಆದರೆ ನೀವು ಹಗುರವಾಗಿ ದಾಟಿಬಿಟ್ಟ ಸಾಲೇ ನಮ್ಮನ್ನು ಹಿಡಿದು ನಿಲ್ಲಿಸಿತು: ದೂರದ ಫಲಕ ಮಬ್ಬು. ಅರವತ್ತರ ಆಸುಪಾಸಿನಲ್ಲಿ ಹತ್ತಿರದ್ದು ತಾನಾಗಿ ತಿಳಿಯಾಗಿ ದೂರದ್ದು ಮಸುಕಾದರೆ ಕಣ್ಣಿನ ವೈದ್ಯರು ಮೊದಲು ಶಂಕಿಸುವುದು ಪೊರೆಯನ್ನು. ಕಣ್ಣೊಳಗಿನ ಮಸೂರದ ನಡುಭಾಗ ಗಟ್ಟಿಯಾಗಿ ಹಳದಿಗೆ ತಿರುಗುತ್ತ ಬಂದಂತೆ ಬೆಳಕನ್ನು ಮೊದಲಿಗಿಂತ ಹೆಚ್ಚು ಬಾಗಿಸುತ್ತದೆ; ಕಣ್ಣು ಮೈನಸ್ ಕಡೆಗೆ ಜಾರುತ್ತದೆ. ಚಾಳೀಸಿನ ಪ್ಲಸ್ ನಂಬರು ಅದರಲ್ಲೇ ವಜಾ ಆಗಿಬಿಡುತ್ತದೆ. ಇದಕ್ಕೆ ‘ಎರಡನೆಯ ದೃಷ್ಟಿ’ ಎಂಬ ಹಳೆಯ ಹೆಸರೇ ಉಂಟು. ಪೊರೆ ಬಲಿತಾಗ ಈ ಸುಖವೂ ಮುಗಿಯುತ್ತದೆ. ರಾತ್ರಿ ಎದುರು ವಾಹನದ ದೀಪ ಚದುರಿದಂತೆ ಕಾಣುತ್ತದೆಯೇ? ಬಿಳಿ ಬಟ್ಟೆ ಒಂದು ಕಣ್ಣಿಗೆ ಬಿಳಿ, ಇನ್ನೊಂದಕ್ಕೆ ಹಳದಿಯೇ? ಒಂದೊಂದೇ ಕಣ್ಣು ಮುಚ್ಚಿ ನೋಡಿ. ರಕ್ತದ ಸಕ್ಕರೆ ಏರಿದಾಗಲೂ ಮಸೂರ ಉಬ್ಬಿ ನಂಬರು ಹೀಗೆ ಬದಲಾಗುವುದುಂಟು, ಅದೂ ಕೆಲವೇ ದಿನಗಳಲ್ಲಿ. ಹಾಗಾಗಿ ಸಕ್ಕರೆ ಪರೀಕ್ಷೆಯೂ ಆಗಲಿ. ಏರಿದ್ದರೆ ಅದು ಹತೋಟಿಗೆ ಬರುವ ತನಕ ಹೊಸ ಕನ್ನಡಕ ಮಾಡಿಸಬೇಡಿ.

ವ್ಯಾಯಾಮಕ್ಕೂ ಜಾಗವಿದೆ, ಇಲ್ಲವೆನ್ನುವುದಿಲ್ಲ. ಹತ್ತಿರದ ವಸ್ತುವಿನ ಮೇಲೆ ಎರಡೂ ಕಣ್ಣು ಒಟ್ಟಿಗೆ ಕೂಡದ ತೊಂದರೆಗೆ ಅದೇ ಚಿಕಿತ್ಸೆ. ಪರದೆ ನೋಡಿ ದಣಿದವರು 20 ನಿಮಿಷಕ್ಕೊಮ್ಮೆ ದೂರ ನೋಡುವುದೂ ಒಳ್ಳೆಯದೇ. ಆದರೆ ಚಾಳೀಸು ಸ್ನಾಯುವಿನ ಸೋಮಾರಿತನವಲ್ಲ, ಮಸೂರದ ಬಿಗಿತ. ಕನ್ನಡಕ ಎಸೆಯಿರಿ ಎಂದು ಸಾರಿದ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ಬೇಟ್ಸ್, ನೋಟ ಹೊಂದಿಸುವುದು ಮಸೂರವಲ್ಲ, ಗುಡ್ಡೆಯ ಹೊರಗಿನ ಸ್ನಾಯುಗಳು ಎಂದು 20ನೇ ಶತಮಾನದ ಆರಂಭದಲ್ಲಿ ವಾದಿಸಿದರು. ಅದಕ್ಕೂ ನೂರು ವರ್ಷ ಮೊದಲೇ, 1801ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ತಮ್ಮ ಕಣ್ಣನ್ನೇ ನೀರಿಗೊಡ್ಡಿ, ಕಣ್ಣಿನ ಮುಂಬದಿಯ ಪಾರದರ್ಶಕ ಪದರವಾದ ಕಾರ್ನಿಯಾದ ಬೆಳಕು ಬಾಗಿಸುವ ಶಕ್ತಿಯನ್ನು ಕಳೆದು, ಆಗಲೂ ನೋಟದ ಹೊಂದಾಣಿಕೆ ಉಳಿಯುವುದನ್ನು ಕಂಡಿದ್ದರು. ಪೊರೆ ತೆಗೆಸಿಕೊಂಡು ಮಸೂರವೇ ಇಲ್ಲದವರಲ್ಲಿ ಅದು ಇರಲಿಲ್ಲ. ಇನ್ನೂರು ವರ್ಷ ಹಿಂದೆ ತೀರ್ಮಾನವಾದ ಮೊಕದ್ದಮೆಯನ್ನು ಲೇಖನಮಾಲೆ ಹಾಕಿ ಮತ್ತೆ ತೆರೆಯುವುದೆಂತು?

ಪೊರೆಯ ಬಗ್ಗೆ ನಮಗೆ ಅಷ್ಟು ಚಿಂತೆಯಿಲ್ಲ. ಅದನ್ನು ಕರಗಿಸುವ ಹನಿ ಇಲ್ಲ, ಶಸ್ತ್ರಚಿಕಿತ್ಸೆ ಇದೆ. ಯುದ್ಧವಿಮಾನದ ಗಾಜುಗೂಡಿನ ಅಕ್ರಿಲಿಕ್ ಚೂರು ಪೈಲಟ್‌ಗಳ ಕಣ್ಣಿನಲ್ಲಿ ಕೀವುಗಟ್ಟದೆ ಉಳಿದದ್ದನ್ನು ಕಂಡ ಕಣ್ಣಿನ ಶಸ್ತ್ರವೈದ್ಯ ಹೆರಾಲ್ಡ್ ರಿಡ್ಲೆ 1949ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ವಸ್ತುವಿನಿಂದ ಮಸೂರ ಮಾಡಿಸಿ ಕಣ್ಣೊಳಗೆ ಕೂರಿಸಿದರು. ಹೋದ ದೃಷ್ಟಿ ಮರಳುವ ಕಾಯಿಲೆ ಇದು. ಕಣ್ಣಿನ ನರವನ್ನು ಸವೆಸುವ ಗ್ಲಾಕೋಮಾ ಹಾಗಲ್ಲ. ಸಾಮಾನ್ಯ ಬಗೆಯದು ನೋಯುವುದಿಲ್ಲ, ಕೆಂಪಾಗುವುದಿಲ್ಲ; ಬದಿಯ ನೋಟವನ್ನು ಮೆಲ್ಲಗೆ ತಿನ್ನುತ್ತದೆ, ಖಾಲಿ ಜಾಗವನ್ನು ಮಿದುಳು ತೇಪೆ ಹಾಕಿ ಮುಚ್ಚಿಬಿಡುತ್ತದೆ. ಸತ್ತ ನರ ಚಿಗುರದು. ವೈದ್ಯರ ಅಕ್ಷರಫಲಕದ ಕೊನೆಯ ಸಾಲು ಸಲೀಸಾಗಿ ಓದುವವರಲ್ಲೂ ಅದು ಇರಬಹುದು.

ಇದೇ ನಮ್ಮ ಹಳೆಯ ಜಗಳ. ನಂಬರು ನೋಡಿಸಿಕೊಂಡವರೆಲ್ಲ ‘ಕಣ್ಣು ತೋರಿಸಿಕೊಂಡು ಬಂದೆ’ ಎನ್ನುತ್ತಾರೆ. ತೋರಿಸಿದ್ದು ಬಾಗಿಲನ್ನು, ಮನೆಯನ್ನಲ್ಲ! ಕಣ್ಣೊಳಗಿನ ಒತ್ತಡ ಅಳೆಯಬೇಕು. ಅದು ಸಾಮಾನ್ಯವೆನ್ನುವ 10ರಿಂದ 21 ಮಿಲಿಮೀಟರ್ ಪಾದರಸದೊಳಗಿದ್ದರೂ ನರ ಸವೆಯುವುದುಂಟು, ಆದ್ದರಿಂದ ಹನಿ ಹಾಕಿ ಪಾಪೆ ಹಿಗ್ಗಿಸಿ ಒಳಗಿನ ನರ, ಹಿಂಬದಿಯ ಬೆಳಕು ಗ್ರಹಿಸುವ ಪದರವಾದ ರೆಟಿನಾ ನೋಡಬೇಕು. ಮಧುಮೇಹಿಗಳು ವರ್ಷಕ್ಕೊಮ್ಮೆ, ತಂದೆತಾಯಿ, ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇದ್ದವರು ನಲವತ್ತಕ್ಕೆ ಕಾಯದೆ.

ಒಳಗಣ್ಣು ನೋಡಿಸಲು ಪುರುಸೊತ್ತಿಲ್ಲದವರೇ ನೀಲಿ ಬೆಳಕು ತಡೆಯುವ ಗಾಜಿಗೆ ಹಣ ಸುರಿಯುತ್ತಾರೆ. ಪರದೆಯಿಂದ ಕಣ್ಣು ಉರಿಯುವುದು ಬಹುಪಾಲು ರೆಪ್ಪೆ ಬಡಿಯುವುದು ಕಡಿಮೆಯಾಗಿ, ಕಣ್ಣು ಒಣಗಿ. ಇನ್ನು ಕೆಂಪಾದ ಕಣ್ಣಿಗೆ ಪಕ್ಕದ ಮನೆಯವರ ಬಾಟಲಿ! ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಬೇಗ ಇಳಿಯುತ್ತದೆ, ಮೋಸವಿರುವುದೇ ಅಲ್ಲಿ. ವಾರಗಟ್ಟಲೆ ಹಾಕಿದರೆ ಕೆಲವರಲ್ಲಿ ಒತ್ತಡ ಏರುತ್ತದೆ, ಮಸೂರದ ಹಿಂಬದಿಗೆ ಪೊರೆ ಕಟ್ಟುತ್ತದೆ, ಹರ್ಪಿಸ್ ವೈರಸ್‌ನ ಹುಣ್ಣಿದ್ದರೆ ಕಾರ್ನಿಯಾವೇ ಹಾಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ನುಡಿಗಟ್ಟಿನಲ್ಲಿದ್ದರೆ ಸಾಕು. ಏನೇನನ್ನೋ ಬಿಟ್ಟುಕೊಳ್ಳುವ ಚಟ ಬೇಡ.

ನಿಮ್ಮದು ಓಡಿಹೋಗುವ ತುರ್ತಲ್ಲ. ಈ ತಿಂಗಳೊಳಗೆ ಹೋದರೆ ಸಾಕು. ಆದರೆ ದಿಢೀರನೆ ಕಪ್ಪು ಚುಕ್ಕೆಗಳು ಹಾರಾಡಿದರೆ, ಮಿಂಚು ಹೊಡೆದರೆ, ಪರದೆ ಇಳಿದಂತಾದರೆ ಅಂದೇ ಹೋಗಬೇಕು, ರೆಟಿನಾ ಕಳಚುತ್ತಿರಬಹುದು. ಪಾಪೆ ಹಿಗ್ಗಲು ಅರ್ಧ ಗಂಟೆ ಹಿಡಿಯುತ್ತದೆ, ಇಳಿಯಲು ನಾಲ್ಕಾರು ಗಂಟೆ. ಅಂದು ಗಾಡಿ ಓಡಿಸಬೇಡಿ, ತಂಪು ಕನ್ನಡಕ ಒಯ್ಯಿರಿ. ಪೆಟ್ಟಿಗೆ ಸೇರಿದ ಆ ಚಾಳೀಸನ್ನೂ ಮರೆಯದೆ ತೆಗೆದುಕೊಂಡು ಹೋಗಿ: ಅದರ ನಂಬರಿಗೂ ಈಗಿನದಕ್ಕೂ ಇರುವ ಅಂತರವೇ ವೈದ್ಯರಿಗೆ ಮೊದಲ ಸುಳಿವು.