ನೀರೊಳಗಿನ ಕಲ್ಲಿನ ಮೇಲೆ ಸರಿಯುವ ಮರಳುಗುಡ್ಡೆಗಳು ಏನು?

ಜರ್ಮನಿಯ ಹೆಸ್ಸೆನ್ ಕಡೆಯ ಕಾಡಿನಲ್ಲಿ, ಒರತೆ ಹುಟ್ಟುವ ಜಾಗದ ಕಲ್ಲುಗಳ ಮೇಲೆ ಪುಟ್ಟ ಮರಳುಗುಡ್ಡೆಗಳು ಅಂಟಿದ್ದವು, ಕೆಲವು ಮೆಲ್ಲಗೆ ಸರಿಯುತ್ತಿದ್ದವು, ಇದು ಯಾವುದರ ಮೊಟ್ಟೆ, ಮನೆಗೆ ತಂದು ಸಾಕಬಹುದಾ ಅಂತ ಕೇಳಿದ್ದೀರಿ.

ಮೊಟ್ಟೆ ಅಲ್ಲ, ಮನೆ. ಒಳಗೆ ಒಂದೊಂದು ಮರಿಹುಳ ಇರುತ್ತದೆ. ನಾನೂ ಆ ಕಡೆಯೇ ಇರುವವನು, ರಜೆ ಸಿಕ್ಕರೆ ಒರತೆಗಳ ಹತ್ತಿರ ಕಲ್ಲು ಮಗುಚಿ ನೋಡುವ ಹುಚ್ಚು. ನೀವು ಹೇಳಿದ ಜಾಗ, ಆಕಾರ ನೋಡಿದರೆ ಅಗಪೆಟಸ್ ಫುಸ್ಕಿಪೆಸ್ ಎಂಬ ಕ್ಯಾಡಿಸ್ ನೊಣದ ಮರಿಗಳಿರಬೇಕು. ನೊಣ ಅಂತ ಹೆಸರಷ್ಟೇ. ನಿಜಕ್ಕೂ ಇದು ಚಿಟ್ಟೆ, ಪತಂಗಗಳ ದಾಯಾದಿ. ನಮ್ಮ ರೇಷ್ಮೆಹುಳದ ಹಾಗೆ ಇದರ ಬಾಯಿಂದಲೂ ರೇಷ್ಮೆ ಬರುತ್ತದೆ, ಅದೂ ನೀರೊಳಗೇ ಅಂಟುವ ರೇಷ್ಮೆ. ಅದರಿಂದಲೇ ಹರಳುಗಳನ್ನು ಜೋಡಿಸಿ ಮನೆ ಕಟ್ಟಿಕೊಳ್ಳುತ್ತದೆ.

ಆ ಮನೆ ನೋಡಲು ಬೋರಲು ಹಾಕಿದ ತೊಗರಿಬೇಳೆಯಂತೆ. ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಕೆಳಗಡೆ ಎರಡೂ ತುದಿಗೆ ಒಂದೊಂದು ಬಾಗಿಲು. ಹುಳ ಯಾವ ಕಡೆಯಿಂದ ಬೇಕಾದರೂ ತಲೆ ಹೊರಹಾಕಿ ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಒಂದೇ ತೊಂದರೆ: ಬೇರೆ ಎಷ್ಟೋ ಕ್ಯಾಡಿಸ್ ಹುಳಗಳು ಕೊಳವೆಯಂಥ ಮನೆ ಕಟ್ಟಿ, ಬೆಳೆದ ಹಾಗೆ ಮುಂದೆ ಉದ್ದ ಮಾಡಿಕೊಳ್ಳುತ್ತವೆ. ಈ ಗುಮ್ಮಟಕ್ಕೆ ಅದು ಆಗುವುದಿಲ್ಲ. ಮರಿ ಪೊರೆ ಕಳಚುತ್ತ ಹಲವು ಹಂತಗಳಲ್ಲಿ ಬೆಳೆಯುತ್ತದೆ. ಹಂತ ಬದಲಾದಾಗ ಹೊಸ ಮನೆಯನ್ನೇ ಕಟ್ಟಬೇಕು. ಕೊನೆಗೆ ತಳ ಕತ್ತರಿಸಿ ಗುಮ್ಮಟವನ್ನು ಕಲ್ಲಿಗೆ ಭದ್ರವಾಗಿ ಅಂಟಿಸಿ, ಒಳಗೆ ಗೂಡು ನೇಯ್ದು ಕೋಶವಾಗುತ್ತದೆ. ನಿಮಗೆ ಅಲುಗಾಡದೆ ಕಂಡವು ಅವೇ ಇರಬಹುದು. ಬೇಸಿಗೆಯಲ್ಲಿ ಅದರಿಂದ ಹೊರಬಿದ್ದು, ಈಜಿ ಮೇಲೆ ಬಂದು ಹಾರುವುದು ಸಣ್ಣ ಕಂದು ಬಣ್ಣದ ಕೀಟ. ರೆಕ್ಕೆ ತುಂಬ ಕೂದಲು, ಕೂತಾಗ ಹೆಂಚಿನ ಮಾಡಿನ ಹಾಗೆ ಮಡಚಿರುತ್ತದೆ.

ಇದು ಯೂರೋಪಿನ ಜಾತಿ. ಬ್ರಿಟನ್, ಜರ್ಮನಿಗಳಲ್ಲಿ ಸಾಕಷ್ಟಿದೆ. ನೆದರ್ಲೆಂಡ್ಸ್‌ನಲ್ಲಿ ಮಾತ್ರ ಒರತೆಯಿಂದ ಹುಟ್ಟುವ ಕೆಲವೇ ಹಳ್ಳಗಳಿಗೆ ಸೀಮಿತ. ಇದಕ್ಕೆ ಬೇಕಾದದ್ದು ವರ್ಷವಿಡೀ ತಂಪಾಗಿ, ಬತ್ತದೆ ಹರಿಯುವ ನೀರು, ಹೂಳು ಕೂರದ ಕಲ್ಲು. ತಗ್ಗು ನಾಡಿನಲ್ಲಿ ಅದು ಒರತೆಯ ಬುಡದಲ್ಲಲ್ಲದೆ ಇನ್ನೆಲ್ಲಿ ಸಿಗಬೇಕು? ನಿಮ್ಮ ಹೆಸ್ಸೆನ್‌ನಲ್ಲೇ, ಶ್ಲಿಟ್ಸ್ ಊರಿನ ಹತ್ತಿರ ಬ್ರೈಟೆನ್‌ಬಾಖ್ ಎಂಬ ಪುಟ್ಟ ಹಳ್ಳವಿದೆ. 1969ರಲ್ಲಿ ಯೋಆಖಿಮ್ ಇಲ್ಲಿಸ್ ಎಂಬ ವಿಜ್ಞಾನಿ ಅದರ ಮೇಲೆ ಗಾಜಿನ ಮನೆ ಕಟ್ಟಿಸಿ, ನೀರಿನಿಂದ ಹಾರಿ ಬಂದ ಕೀಟಗಳನ್ನೆಲ್ಲ ಹಿಡಿದು ಎಣಿಸುವ ಕೆಲಸ ಶುರುಮಾಡಿದರು. ವರ್ಷಗಟ್ಟಲೆ ನಡೆದ ಆ ಎಣಿಕೆಯಲ್ಲಿ ನಿಮ್ಮ ಮರಳುಗುಡ್ಡೆಯ ಹುಳವೂ ಇತ್ತು.

ಸಾಕುವುದು ಬೇಡ. ನಾನೊಮ್ಮೆ ಐಸ್‌ಕ್ರೀಂ ಡಬ್ಬಿಯಲ್ಲಿ ಎಂಟು ಹುಳ ತಂದಿದ್ದೆ. ಬೆಳಗಾಗುವಷ್ಟರಲ್ಲಿ ಆರು ಮನೆ ಬಿಟ್ಟು ಬರಿಮೈಯಲ್ಲಿ ಸತ್ತು ಬಿದ್ದಿದ್ದವು. ನಿಂತ ನೀರು, ರೂಮಿನ ಬಿಸಿ, ಸುಮ್ನೆ ಉಸಿರುಗಟ್ಟಿ ಸಾಯುತ್ತವೆ. ನೋಡಲೇಬೇಕಿದ್ದರೆ ಅಲ್ಲೇ ಕಲ್ಲನ್ನು ಬಿಳಿ ತಟ್ಟೆಯ ನೀರಿನಲ್ಲಿಟ್ಟು ಐದು ನಿಮಿಷ ಕಾಯಿರಿ. ಹುಳ ತಾನಾಗಿ ತಲೆ ಹೊರಹಾಕುತ್ತದೆ. ಆಮೇಲೆ ಕಲ್ಲನ್ನು ಮೊದಲು ಇದ್ದ ಜಾಗದಲ್ಲೇ, ಇದ್ದ ಮಗ್ಗುಲಲ್ಲೇ ಇಟ್ಟುಬಿಡಿ.